ಸೀಲು ನೋಡಿ ತಂದ ಮರಿ

ಮೇಲಿನ ಮನೆಯ ಯಜಮಾನರು ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ದಾಖಲೆಗಳನ್ನು ಜಾಲಾಡಿ ನಿವೃತ್ತರಾದವರು. ಕಾಗದದಲ್ಲಿ ಇಲ್ಲದ್ದು ಅವರ ಪಾಲಿಗೆ ಲೋಕದಲ್ಲೂ ಇಲ್ಲ. ಹೀಗಾಗಿ ಜಾತಿನಾಯಿಯ ಮರಿ ಕೊಳ್ಳಲು ಹೋದಾಗಲೂ ಅವರು ನೋಡಿದ್ದು ಮರಿಯನ್ನಲ್ಲ, ಅದರ ವಂಶಾವಳಿಯ ಪತ್ರವನ್ನು. "ತಾಯಿನಾಯಿ ನೋಡಿದ್ರಾ?" ಎಂದು ನಾನು ಕೇಳಿದ್ದಕ್ಕೆ, "ಸೀಲು ನೋಡಿದೆ ಕಣ್ರೀ, ಅಸಲಿ ಸೀಲು!" ಎಂದರು. ಸೀಲು ಅಸಲಿಯೇ ಇದ್ದೀತು. ಮರಿ ಮಾತ್ರ ಆರೇ ತಿಂಗಳಲ್ಲಿ ನಮ್ಮ ಬೀದಿಯ ಕಸದ ತೊಟ್ಟಿ ಕಾಯುವ ಕೆಂದು ನಾಯಿಯ ಪಡಿಯಚ್ಚಾಯಿತು. ಯಜಮಾನರು ಜಗ್ಗುವ ಆಸಾಮಿಯೇ? ಪತ್ರಕ್ಕೆ ಕಟ್ಟು ಹಾಕಿಸಿ, ಮಾವನವರ ಫೋಟೋ ಇಳಿಸಿ, ಅದೇ ಮೊಳೆಗೆ ತೂಗುಹಾಕಿದರು. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ನಾಯಿಯ ಮುತ್ತಜ್ಜನ ಪರಿಚಯ. "ನಮ್ಮಪ್ಪನ ಹೆಸರು ಕೇಳಿ ನೋಡಿ, ತಲೆ ಕೆರ್ಕೋತಾರೆ" ಎನ್ನುತ್ತಾರೆ ಅವರ ಹೆಂಡತಿ. ಮಳೆಗಾಲದಲ್ಲಿ ಯಜಮಾನರು ಎರಡು ಕನ್ನಡಕ ಏರಿಸಿಕೊಂಡು ನಾಯಿಯ ಮೈಯ ಉಣ್ಣಿ ಹೆಕ್ಕುತ್ತಾರೆ. ಬೇಸಿಗೆಯಲ್ಲಿ ತಾವೇ ಚಪ್ಪಲಿ ಕಳಚಿ, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು ಮೂವತ್ತು ಎಣಿಸಿ, ಅಂಗಾಲು ಸುಡದಿದ್ದರೆ ಮಾತ್ರ ನಾಯಿಗೆ ಬೀದಿಗಿಳಿಯುವ ಅಪ್ಪಣೆ. ಮೊನ್ನೆ ಅದಕ್ಕೆ ಚುಚ್ಚುಮದ್ದು ಹಾಕಿಸಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಚೀಟಿ ಬರೆಯುತ್ತ, "ಯಾವ ತಳಿ?" ಎಂದರು. ಮುತ್ತಜ್ಜನ ಪುರಾಣ ಶುರುವಾಯಿತೆಂದು ನಾನು ಆರಾಮಾಗಿ ಕುರ್ಚಿಗೆ ಒರಗಿದೆ. ಯಜಮಾನರು ನಾಯಿಯನ್ನು ತೊಡೆಗೆ ಎಳೆದುಕೊಂಡು, ಅದರ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮೆತ್ತಗೆ ಮುಚ್ಚಿ ಪಿಸುಗುಟ್ಟಿದರು: "ಬೀದಿನಾಯಿ ಅಂತಲೇ ಬರ್ಕೊಳ್ಳಿ ಡಾಕ್ಟ್ರೇ. ಅವನಿಗೆ ಗೊತ್ತಾಗೋದು ಬೇಡ."