ಎರಡನೇ ಹಗೇವಿನ ಮೇಲೆ ಹಾಸಿದ ಅಂಗಳ

1996ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ದುಬಲಗುಂಡಿಯಿಂದ ಹುಮನಾಬಾದಿಗೆ ಬಂದು ಹೆದ್ದಾರಿ ಬದಿಯ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕುಳಿತೆ. ಇಪ್ಪತ್ತು ವರ್ಷದ ಮೇಲೆ, ಸವೆದ ಟೈರುಗಳಿಂದ ಆಟದ ಅಂಗಳ ಹಾಸುವ ಕೆಲಸಕ್ಕೆ ಇಳಿದೆ. ಹಳೆಯ ಟೈರನ್ನು ಯಂತ್ರದಲ್ಲಿ ಸಣ್ಣಗೆ ಪುಡಿ ಮಾಡಿದ ರಬ್ಬರ್ ಚೂರಿಗೆ ಬೈಂಡರ್ ಎಂಬ ಅಂಟು ಕಲಸಿ ಹಾಸಿ, ರೋಲರ್ ಹೊಡೆದರೆ ಮೆತ್ತನೆಯ ನೆಲ ಸಿದ್ಧವಾಗುತ್ತದೆ. ಮಳೆನೀರು ಅದರ ಮೇಲೆ ನಿಲ್ಲುವುದಿಲ್ಲ, ಸೋಸಿ ಕೆಳಗೆ ಇಳಿಯುತ್ತದೆ. ಇಂಜಿನಿಯರನ್ನು ಕೇಳದೆ ಅಳತೆ, ಲೆಕ್ಕ, ಹಾಸುವುದು ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ನೆಲಕ್ಕೆ ಹಿಮ್ಮಡಿಯಿಂದ ಒದ್ದು ಸದ್ದು ಕೇಳಿದರೆ ಸಾಕು, ಒಳಗೆ ಗಟ್ಟಿಯೋ ಪೊಳ್ಳೋ ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು.

2022ರ ಬೇಸಿಗೆಯಲ್ಲಿ ಬಸವಕಲ್ಯಾಣದ ಕಾಳಿನ ವ್ಯಾಪಾರಿ ಕಾಶಪ್ಪನವರು ಕರೆಸಿದರು. ಅವರ ಮಗಳು ಅಶ್ವಿನಿ ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಳು. ಮೊಣಕಾಲಿನ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದು ಆಪರೇಷನ್ ಆಗಿತ್ತು. ಮತ್ತೆ ಆಡಬಹುದು, ಆದರೆ ಕಲ್ಲುನೆಲದ ಮೇಲೆ ಜಿಗಿಯಬಾರದು, ಇನ್ನೊಮ್ಮೆ ಹರಿದರೆ ಆಟ ಮರೆತುಬಿಡಬೇಕು ಎಂದು ಡಾಕ್ಟರ್ ಹೇಳಿದ್ದರು. ಅದಕ್ಕೇ ಅಪ್ಪ ಹಿತ್ತಲಲ್ಲಿ ಮೂವತ್ತಡಿ ಉದ್ದ, ಮೂವತ್ತಡಿ ಅಗಲದ ಅರ್ಧ ಕೋರ್ಟ್ ಹಾಕಿಸಲು ಹೊರಟಿದ್ದರು.

ಹಿತ್ತಲ ಅಂಚಿಗೆ ಹಾಳುಬಿದ್ದ ದನದ ಕೊಟ್ಟಿಗೆ ಇತ್ತು. ಅದನ್ನು ಕೆಡವಿ, ಅದರ ಇಟ್ಟಿಗೆ, ಕಲ್ಲುಗಳನ್ನೇ ಒಡೆದು ಅಂಗಳದ ತಳಕ್ಕೆ ಆರಿಂಚು ಹಾಸಿದೆವು. ಅದಕ್ಕೆ ಮೊದಲೇ ಮನೆಯ ಗೋಡೆಯ ಬಳಿ ಒಂದು ಹಗೇವು ಸಿಕ್ಕಿತ್ತು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಅದಕ್ಕೆ ಕಲ್ಲು, ಮುರುಮ್ ಎಂಬ ಗರಸು ಮಣ್ಣು ತುಂಬಿ, ನೀರು ಬಿಟ್ಟು ದಮ್ಮಸು ಮಾಡಿ ಮುಚ್ಚಿದ್ದೆ.

ರಬ್ಬರ್ ಹಾಸುವ ಹಿಂದಿನ ದಿನ ಕಾಶಪ್ಪನವರ ತಾಯಿ ಗುರಮ್ಮ ಕೋಲೂರಿಕೊಂಡು ಬಂದರು. ಎಂಬತ್ತೈದು ದಾಟಿದ ಜೀವ.

“ಒಂದೇ ತುಂಬಿದೇನೋ ತಮ್ಮಾ? ಇನ್ನೊಂದು ಅದ ನೋಡು,” ಎಂದರು.

“ಎಲ್ಲದ ಆಯಿ?”

“ನಾ ಕಂಡಿಲ್ಲ. ನಮ್ಮತ್ತಿ ಹೇಳ್ತಿದ್ಳು. ಬಾಯಿ ಕೊಟ್ಟಿಗ್ಯಾಗ, ದನ ಮೇಯೋ ಗ್ವಾದಲಿ ಬುಡಕ. ಲೆವಿ ಮಂದಿಗಿ ಕಾಣಬಾರ್ದಂತ ಮಾಡಿದ್ದು.”

ಬೆಳೆದ ಕಾಳಿನಲ್ಲಿ ಸರ್ಕಾರದ ಪಾಲನ್ನು ಮನೆಮನೆ ಹೊಕ್ಕು ಅಳೆದು ಒಯ್ಯುತ್ತಿದ್ದುದೇ ಲೆವಿ. ಆಗ ಬಚ್ಚಿಟ್ಟ ಹಗೇವಿನ ಮಾತನ್ನು ಮನೆಯ ಗಂಡಸರು ಮಕ್ಕಳಿಗೂ ಹೇಳುತ್ತಿರಲಿಲ್ಲ. ಗ್ವಾದಲಿಯನ್ನು ನನ್ನ ಕೈಯಾರೆ ಕಿತ್ತು, ಅದರ ಕಲ್ಲನ್ನು ಒಡೆಸಿ ಆಗಿತ್ತು; ಬುಡದಲ್ಲಿ ಕಂಡದ್ದು ಬರೀ ಮಣ್ಣು.

ಕಾಶಪ್ಪನವರು ನಕ್ಕರು. “ಬಿಡ್ರಿ ಮಿಸ್ತ್ರಿ, ಅವ್ವಗ ನಿನ್ನೆ ಉಂಡಿದ್ದೇ ನೆನಪಿಲ್ಲ. ನಾ ಇದೇ ಮನ್ಯಾಗ ಹುಟ್ಟೀನಿ, ಒಂದೇ ಹಗೇವು ಕಂಡೀನಿ.”

ಗಜಕ್ಕೊಂದರಂತೆ ಕಬ್ಬಿಣದ ಸರಳು ಇಳಿಸಿ ನೋಡಬೇಕಿತ್ತು. ಅರ್ಧ ದಿನದ ಕೆಲಸ. ಹುಮನಾಬಾದಿನಲ್ಲಿ ಇನ್ನೊಂದು ಅಂಗಳ ಕಾದಿತ್ತು. ನಾನು ಎಲ್ಲರೆದುರು ಮೂಲೆಯಿಂದ ಮೂಲೆಗೆ ಹಿಮ್ಮಡಿ ಒದೆಯುತ್ತ ನಡೆದೆ.

“ಗಟ್ಟಿ ಅದ ಆಯಿ. ಫಿಕರ್ ಮಾಡಬ್ಯಾಡ್ರಿ.”

“ಲೆವಿ ಮಂದಿನೂ ಹಿಂಗೇ ಒದ್ದು ನೋಡಿ ಹೋದ್ರಂತೋ ತಮ್ಮಾ!”

ನನ್ನ ಕೆಲಸಗಾರರು ನಕ್ಕರು. ಅವರಿಗಿಂತ ಜೋರಾಗಿ ನಕ್ಕವನು ನಾನು.

ಒಂಬತ್ತು ದಿನಕ್ಕೆ ಕೆಲಸ ಮುಗಿಯಿತು. ಅಶ್ವಿನಿ ಬರಿಗಾಲಲ್ಲಿ ನಡೆದು ನೋಡಿ, “ಹರೀತದೇನ್ರಿ ಅಂಕಲ್ ಇದು?” ಎಂದಳು. “ಹತ್ತು ವರ್ಷ ಹರಿಯಾಂಗಿಲ್ಲ. ಬೇಕಾದ್ರ ಬರದು ಕೊಡ್ತೀನಿ,” ಎಂದೆ. ಎರಡು ತಿಂಗಳು ಆಡಿದಳು. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಹೆಸರನ್ನೂ ಕೊಟ್ಟಿದ್ದಳು.

ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೇ ದಿನ ಬೆಳಿಗ್ಗೆ ಕಾಶಪ್ಪನವರ ಫೋನ್. “ಮಿಸ್ತ್ರಿ, ನೆಲ ಕುಂತದ. ಅಶ್ವಿನಿ ಬಿದ್ದಾಳ. ಬರ್ರಿ.” ಅಷ್ಟೇ ಹೇಳಿ ಇಟ್ಟರು.

ಕೊಟ್ಟಿಗೆಯ ಕಡೆಯ ಮೂಲೆ ಬೋಗುಣಿಯಂತೆ ಮೊಣಕೈ ಆಳ ಇಳಿದಿತ್ತು. ಜಿಗಿದು ಚೆಂಡು ತಡೆದವಳು ಇಳಿದದ್ದು ಅಲ್ಲಿಯೇ. ರಬ್ಬರ್ ಕೊಯ್ದು ಅಗೆಸಿದೆ. ತೋಳುದ್ದ ಕೆಳಗೆ ಕತ್ತಲ ಪೊಳ್ಳು, ಗೋಡೆಗೆ ಹತ್ತಿದ ಕೊಳೆತ ಹೊಟ್ಟು. ಕೊಟ್ಟಿಗೆಯಲ್ಲಿ ಬಾಯಿ ಇದ್ದ ಹಗೇವಿನ ಹೊಟ್ಟೆ ನನ್ನ ಅಂಗಳದ ಅಡಿಗೆ ಚಾಚಿತ್ತು. ನನ್ನ ನೆಲ ಸೋಸಿ ಇಳಿಸಿದ ಮಳೆನೀರೇ ಅದರ ಮಣ್ಣಿನ ಚಾವಣಿಯನ್ನು ನೆನೆಸಿ ಕುಸಿಸಿತ್ತು. ಗುರಮ್ಮ ಬಂದು ಇಣುಕಿ ನೋಡಿ ಒಳಗೆ ಹೋದರು. ಕಾಶಪ್ಪನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಿಲ್ಲುವುದು ಸುಲಭವಿತ್ತು.

ಸೋಲಾಪುರದ ಆಸ್ಪತ್ರೆಗೆ ಹೋದೆ. ಅದೇ ಮೊಣಕಾಲು, ಅದೇ ಪಟ್ಟಿ. ಅಶ್ವಿನಿ ಕಿಟಕಿ ಕಡೆ ನೋಡುತ್ತಲೇ, “ಅಂಕಲ್, ರಬ್ಬರ್ ಹರೀಲಿಲ್ಲ ನೋಡ್ರಿ,” ಎಂದಳು.

ಹಗೇವು ತುಂಬಿ ಅಂಗಳ ಮತ್ತೆ ಹಾಸಿಕೊಟ್ಟೆ. ಅವಳು ಈಗ ನಡೆಯುತ್ತಾಳೆ, ಜಿಗಿಯುವುದಿಲ್ಲ. ಆ ನೆಲದ ಮೇಲೆ ತೊಗರಿ ಒಣಹಾಕುತ್ತಾರೆ.

ಈಗ ಯಾವ ಹಿತ್ತಲಿಗೆ ಹೋದರೂ ಟೇಪ್ ಬಿಚ್ಚುವ ಮೊದಲು ಆ ಮನೆಯ ಹಿರಿಯ ಹೆಣ್ಣುಮಗಳ ಮುಂದೆ ಕೂತು ಕೇಳುತ್ತೇನೆ, ಅವರು ಎಷ್ಟು ಹೊತ್ತು ಹೇಳಿದರೂ ಕೇಳುತ್ತೇನೆ. ಆಮೇಲೆ ಸರಳು ಇಳಿಸುತ್ತೇನೆ. ನೆಲದ ಮೇಲೆ ಬಾಳಿದವರ ಮಾತು ನನ್ನ ಕೈಗುಣಕ್ಕಿಂತ ದೊಡ್ಡದು ಎಂದು ಈ ಕೆಲಸ ಕಲಿಸಿತು. ಆದರೆ ಅದರ ಬೆಲೆ ತೆತ್ತವಳು ಬೇರೆಯವಳು.

ಇಂದು ನನ್ನ ಬಳಿ ಎರಡು ಮಿಕ್ಸರ್, ಒಂದು ರೋಲರ್, ಐದು ಮಂದಿ ಕೆಲಸಗಾರರು ಇದ್ದಾರೆ. ಹಾಸಿದ ಅಂಗಳ ಹತ್ತೊಂಬತ್ತು. ಆಟ ನಡೆದಿರುವುದು ಹದಿನೆಂಟರಲ್ಲಿ.