ಜಕ್ರಿಬೆಟ್ಟಿನ ಲೋಕಯ್ಯ ಬಿಟ್ಟುಕೊಟ್ಟ ಸರದಿ

ಜಕ್ರಿಬೆಟ್ಟಿನ ತ್ಯಾಂಪಣ್ಣನೆಂದರೆ ನೇತ್ರಾವತಿಯ ಒಂದೊಂದು ಸುಳಿಗೂ ಹೆಸರಿಟ್ಟವನು. ಬಂಟ್ವಾಳದ ಅಕ್ಕಿಮುಡಿಗಳನ್ನು ದೋಣಿಯಲ್ಲಿ ಮಂಗಳೂರಿಗೆ ಇಳಿಸಿ, ಬರುವಾಗ ಉಪ್ಪು, ಹಂಚು, ಒಣಮೀನು ಹೇರಿಕೊಂಡು ಬರುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಮುಡಿ ಅಕ್ಕಿ ನೆನೆಯಲು ಬಿಟ್ಟವನಲ್ಲ. ಅವನ ಮಗ ಜತ್ತಪ್ಪ ಸಾವಿರದ ಒಂಬೈನೂರ ಇಪ್ಪತ್ತಮೂರರ ನೆರೆಯಲ್ಲಿ ಪಾಣೆಮಂಗಳೂರಿನ ಮನೆಗಳ ಮಾಡು ಹತ್ತಿ ಕೂತಿದ್ದ ಹನ್ನೊಂದು ಜನರನ್ನು ಮೂರು ಸುತ್ತಿನಲ್ಲಿ ದಡ ಮುಟ್ಟಿಸಿದ. ನಾಲ್ಕನೆಯ ಸುತ್ತು ಹೋದದ್ದು ಗಬ್ಬದ ಎಮ್ಮೆಯೊಂದಕ್ಕಾಗಿ. ಅಪ್ಪ ಮಗ ಇಬ್ಬರೂ ನಡೆಸಿದ್ದು ಒಂದೇ ದೋಣಿ. ಪ್ರತಿ ವರ್ಷ ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದನ್ನು ದಡಕ್ಕೆಳೆದು, ಲಡ್ಡು ಹಿಡಿದು ಕೊಳೆತ ಹಲಗೆ ಕಿತ್ತು ಹೊಸತು ಕೂರಿಸಿ, ತೆಂಗಿನ ಹುರಿ ಬಿಗಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಕೊನೆಕೊನೆಗೆ ಅದರಲ್ಲಿ ಮೊದಲಿನ ಹಲಗೆ ಒಂದೂ ಉಳಿದಿರಲಿಲ್ಲ. ಆದರೂ ನೀರು ಕುಡಿದದ್ದಿಲ್ಲ.

ಜತ್ತಪ್ಪನ ಮಗ ಲೋಕಯ್ಯ ದೊಡ್ಡವನಾಗುವಾಗ ಹೊಳೆಯ ವ್ಯಾಪಾರ ರಸ್ತೆಗೆ ಹತ್ತಿತ್ತು. ಅವನೂ ರಸ್ತೆಗೆ ಹತ್ತಿದ. ಯುದ್ಧಕಾಲದಲ್ಲಿ ಇದ್ದಲಿನಿಂದ ಓಡುವ ಬಸ್ಸಿಗೆ ಕ್ಲೀನರನಾಗಿ ಮಸಿ ತಿಂದು, ಆಮೇಲೆ ಡ್ರೈವರನಾಗಿ, ಐವತ್ತೊಂದರಲ್ಲಿ ಊರು ಬಿಟ್ಟು ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ವಿಲಾಯಿತಿಯ ಕಪ್ಪು ಕಾರು ಕೊಂಡ. ಕಾರಿಗೆ ಆಗಲೇ ಹದಿಮೂರು ವರ್ಷ. ಬಂಟ್ವಾಳದಿಂದ ಬೆಳ್ತಂಗಡಿಗೆ, ಒಮ್ಮೊಮ್ಮೆ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಬಾಡಿಗೆ. ಐದು ಜನರ ಕಾರಿಗೆ ಒಂಬತ್ತು ಜನ, ಮೇಲೆ ಹಲಸಿನಕಾಯಿ. ಹೊಸ ಕಾರಿನ ಕ್ರಯದಲ್ಲಿ ಅಂಥ ಆರು ಹಳೆಯ ಕಾರು ಬರುತ್ತಿದ್ದ ಕಾಲ ಅದು. ಮೊದಲಿನ ಐದಾರು ವರ್ಷ ಲೋಕಯ್ಯನ ಲೆಕ್ಕಾಚಾರವನ್ನು ತಪ್ಪೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಆದರೆ ಅವನು ಕಾರನ್ನು ದೋಣಿಯ ಹಾಗೆಯೇ ಸಾಕಿದ. ಆಟಿ ಬಂತೆಂದರೆ ತೆಂಗಿನ ಮಡಲಿನ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿ, ಬಿಚ್ಚಿ, ಒರೆಸಿ, ಕಾಲಡಿಯ ಮರದ ಹಲಗೆಗೆ ಗೇರೆಣ್ಣೆ ಬಳಿಯುತ್ತಿದ್ದ. ದೋಣಿಗೆ ಆಟಿಯಲ್ಲಿ ಕೆಲಸವಿಲ್ಲ, ಸರಿ. ಆದರೆ ಕಾರು ಹುಡುಕಿಕೊಂಡು ಜನ ಬರುವುದು ಆಟಿಯಲ್ಲೇ. ಬಂದವರು ಕೊಟ್ಟಿಗೆ ನೋಡಿ ಬಸ್ಸಿಗೆ ಹೋದರು, ಹೋದವರಲ್ಲಿ ಕೆಲವರು ಮತ್ತೆ ಬರಲಿಲ್ಲ. ರಿಪೇರಿಗೆ ಹೋದ ಹಣ ಲೋಕಯ್ಯನಿಗೆ ಕಾಣುತ್ತಿತ್ತು, ಕಾರು ನಿಂತ ದಿನಗಳು ಕಾಣುತ್ತಿರಲಿಲ್ಲ.

ಅವನ ಹೆಂಡತಿ ಅಮ್ಮಣ್ಣಿಗೆ ಅದು ಕಾಣುತ್ತಿತ್ತು. ಕೊಕ್ಕಡದ ಹೆಣ್ಣು, ಮಾತು ಕಡಿಮೆ. ಐವತ್ತೇಳರಲ್ಲಿ ಒಂದು ದಿನ ಕೈಯ ಎರಡು ಚಿನ್ನದ ಬಳೆ ತೆಗೆದು ಅವನ ಮುಂದಿಟ್ಟಳು.

"ಇದನ್ನು ಮಾರಿ ಹೊಸ ಕಾರಿಗೆ ಹೆಸರು ಬರೆಸಿ."

"ಹೆಸರು ಬರೆಸಿದ ಕೂಡಲೇ ಕೊಡ್ತಾರಾ? ನಾಲ್ಕೈದು ವರ್ಷ ಕಾಯ್ಬೇಕು."

"ಅದಕ್ಕೇ ಇವತ್ತು ಹೇಳಿದ್ದು. ಊರಲ್ಲಿ ನನ್ನ ಅಮ್ಮನಿಗೆ ಪ್ರಾಯ ಆಯ್ತು. ಕರೆ ಬಂದರೆ ದಾರಿಯಲ್ಲಿ ನಿಲ್ಲದ ಕಾರು ಬೇಕು ನನಗೆ."

ಲೋಕಯ್ಯ ಬಳೆ ಮಾರಿ, ಮಂಗಳೂರಿಗೆ ಹೋಗಿ ಮುಂಗಡ ಕಟ್ಟಿದ. ಜೊತೆಗೆ ಹೋದವನು ಬಂಟ್ವಾಳ ಪೇಟೆಯ ಗೋಣಿಚೀಲದ ವ್ಯಾಪಾರಿ ಅಬ್ದುಲ್ ಸಮದ್ ಬ್ಯಾರಿ. ಪಟ್ಟಿಯಲ್ಲಿ ಲೋಕಯ್ಯನ ಬೆನ್ನಿಗೇ ಸಮದನ ಹೆಸರು.

ಅರುವತ್ತೆರಡರ ಜನವರಿಯ ಮೊದಲಲ್ಲೇ ಕಾರಿನ ಎಂಜಿನು ಹೊಗೆ ಕಾರತೊಡಗಿತು. ಮೂಡುಬಿದಿರೆಯ ಅಣ್ಣು ಮೇಸ್ತ್ರಿ ಇಪ್ಪತ್ತು ದಿನ ಇಟ್ಟುಕೊಂಡು ಬೋರು ಕೊರೆಸಿ, ಹೊಸ ಪಿಸ್ಟನ್ನು ಹಾಕಿ ಸ್ಟಾರ್ಟ್ ಮಾಡಿದ. ಎಂಜಿನು ಹೊಲಿಗೆ ಯಂತ್ರದ ಸದ್ದಿನಲ್ಲಿ ತಿರುಗಿತು.

"ಹೇಗುಂಟು ಲೋಕಣ್ಣ? ಮದುಮಗನ ಹಾಗಾಗಿಲ್ವಾ?"

"ಎಷ್ಟು ವರ್ಷ ಓಡೀತು ಮೇಸ್ತ್ರಿ?"

"ಎಂಜಿನು ಹತ್ತು ವರ್ಷ ತಿರುಗಿ ನೋಡ್ಲಿಕ್ಕಿಲ್ಲ. ಹಿಂದಿನ ಚಕ್ರದ ಆಕ್ಸಿಲ್ ಮಾತ್ರ ಮುದುಕ. ಎಂಜಿನಿಗೆ ಹರೆಯ ಬಂದದ್ದು ಅದಕ್ಕೆ ಗೊತ್ತಿಲ್ಲ ಮಾರಾಯ್ರೆ, ಮೆಲ್ಲ ಬಿಡಿ."

ಲೋಕಯ್ಯನ ಕಿವಿಗೆ ಹತ್ತು ವರ್ಷ ಬಿತ್ತು, ಆಕ್ಸಿಲ್ ಬೀಳಲಿಲ್ಲ. ಆ ವಾರವೇ ಮಂಗಳೂರಿನಿಂದ ಕಾಗದ ಬಂತು: ನಿಮ್ಮ ಸರದಿ ಬಂದಿದೆ, ಉಳಿದ ಹಣದೊಂದಿಗೆ ಬನ್ನಿ. ಕಾಗದವನ್ನು ಅವನು ಕಾರಿನಲ್ಲೇ ಕೂತು ಮೂರು ಸಲ ಓದಿದ. ಉಳಿದ ಹಣಕ್ಕೆ ಸಾಲ ಕೊಡುವವರಿದ್ದರು, ಅದು ಅಡ್ಡಿಯಲ್ಲ. ಅಡ್ಡ ನಿಂತದ್ದು ಆ ಹೊಸ ಎಂಜಿನು. ಕೈಯಾರೆ ಇಷ್ಟು ಸುರಿದು ಸರಿಮಾಡಿದ ಮೇಲೆ ಮಾರಿದರೆ, ಕೊಂಡವನು ಹತ್ತು ವರ್ಷ ಸುಖಪಡುತ್ತಾನೆ, ತಾನು ಸಾಲ ಹೊರಬೇಕು. ಇದ್ಯಾವ ನ್ಯಾಯ? ಹಾಗೆ ಲೆಕ್ಕ ಹಾಕಿ ಸರದಿ ಬಿಟ್ಟುಕೊಟ್ಟ. ಮುಂಗಡ ಹಿಂದೆ ಪಡೆದು ಮೇಸ್ತ್ರಿಯ ಬಾಕಿ ತೀರಿಸಿದ.

ಮನೆಯಲ್ಲಿ ಅಮ್ಮಣ್ಣಿ ಕೇಳಿದಳು: "ಮಂಗಳೂರಿನ ಕಾಗದ ಬಂತಾ?"

"ಬರ್ಲಿಲ್ಲ."

ಕಾರು ನಾಲ್ಕು ತಿಂಗಳು ಚೆನ್ನಾಗಿ ಓಡಿ ತೋರಿಸಲಿ, ಆಗ ಹೇಳಿದರೆ ಅವಳೂ ಒಪ್ಪುತ್ತಾಳೆ ಎಂದು ಮನಸ್ಸಿನಲ್ಲಿ ಹಾಕಿಕೊಂಡಿದ್ದ. ಎರಡು ಬಾರಿ ಮತ್ತೆ ಕೇಳಿದಳು. ಎರಡು ಬಾರಿಯೂ ಅದೇ ಉತ್ತರ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕೊಕ್ಕಡದಿಂದ ಆಳು ಬಂದ. ಅಮ್ಮಣ್ಣಿಯ ತಾಯಿಗೆ ಕಾಯಿಲೆ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾಳೆ. ಅಮ್ಮಣ್ಣಿಯನ್ನು ಕೂರಿಸಿಕೊಂಡು ಲೋಕಯ್ಯ ಸ್ಟಿಯರಿಂಗ್ ಹಿಡಿದ. ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಎಲ್ಲಿಯೂ ಕಾರು ಉಸಿರು ಕಟ್ಟಲಿಲ್ಲ. ಎಂಜಿನಿನ ಸದ್ದು ಕೇಳಿ, ಅಂಥ ಹೊತ್ತಿನಲ್ಲೂ, ಅವನಿಗೆ ಒಳಗೊಳಗೇ ಹೆಮ್ಮೆ. ಉಜಿರೆಯ ಏರಿನಲ್ಲಿ ಒತ್ತಿ ಬಿಟ್ಟ. ಹಿಂದೆ ಕೊಡಲಿಯಿಂದ ಕಡಿದಂತೆ ಸದ್ದಾಯಿತು. ಎಂಜಿನು ಸೊಗಸಾಗಿ ತಿರುಗುತ್ತಲೇ ಇತ್ತು, ಚಕ್ರ ಮಾತ್ರ ತಿರುಗಲಿಲ್ಲ.

ಬಸ್ಸಿಗೆ ಕಾದು, ಸ್ವಲ್ಪ ದೂರ ಬಸ್ಸು, ಸ್ವಲ್ಪ ದೂರ ಎತ್ತಿನ ಗಾಡಿ, ಉಳಿದದ್ದು ಕಾಲು. ಕೊಕ್ಕಡ ಮುಟ್ಟುವಾಗ ಇಳಿಹೊತ್ತು. ಗದ್ದೆಯ ಆಚೆ ಹೊಗೆ ಏಳುತ್ತಿತ್ತು. ಮಗಳಿಗಾಗಿ ಮಧ್ಯಾಹ್ನದವರೆಗೆ ಕಾದು, ಇನ್ನು ಬರಲಿಕ್ಕಿಲ್ಲವೆಂದು ತಾಯಿಯ ಚಿತೆಗೆ ಬೆಂಕಿ ಇಟ್ಟಿದ್ದರು.

ಮೂರನೆಯ ದಿನ ಮರಳಿ ಬರುವಾಗ ಬಸ್ಸಿನಲ್ಲಿ ಅಮ್ಮಣ್ಣಿ ಅವನ ಕಡೆ ತಿರುಗಿ ಮೆಲ್ಲನೆ ಹೇಳಿದಳು: "ನೀವು ಹೀಗೆ ತಲೆ ತಗ್ಗಿಸಬೇಡಿ. ಹೊಸ ಕಾರಿದ್ದರೆ ತಲಪ್ತಿದ್ದೆವು. ಕಾಗದವೇ ಬರ್ಲಿಲ್ಲ, ನೀವಾದರೂ ಎಂತ ಮಾಡುವುದು?"

ಲೋಕಯ್ಯನಿಗೆ ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ.

ಮೇ ತಿಂಗಳಲ್ಲಿ ಅಂಗಳದಲ್ಲಿ ಹೊಸ ಹಾರ್ನ್ ಕೇಳಿಸಿತು. ಸಮದ್ ಹೊಸ ಕಾರಿನಿಂದ ಇಳಿದ, ಕೈಯಲ್ಲಿ ಹಲ್ವದ ಪೊಟ್ಟಣ.

"ಅಮ್ಮಣ್ಣಿಯಕ್ಕ, ಮೊದಲ ಹಲ್ವ ನಿಮಗೆ. ಲೋಕಣ್ಣ ಸರದಿ ಬಿಟ್ಟದ್ದರಿಂದ ನನಗೆ ಇಷ್ಟು ಬೇಗ ಸಿಕ್ಕಿತು. ಜನವರಿಯಲ್ಲಿ ಬಂದ ಕಾಗದವನ್ನು ಬೇಡ ಅಂದರಂತೆ! ಇಂಥ ಧೈರ್ಯ ಯಾರಿಗುಂಟು?"

ಅಮ್ಮಣ್ಣಿ ಹಲ್ವದ ಪೊಟ್ಟಣವನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಗಂಡನ ಮುಖ ನೋಡಲಿಲ್ಲ. "ಜನವರಿಯಲ್ಲಾ?" ಎಂದಳು, ಒಳಗೆ ಹೋದಳು. ಜಗಳವಾಗಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು ಎಂದು ಲೋಕಯ್ಯ ಆಮೇಲೆ ಎಷ್ಟೋ ಸಲ ಅಂದುಕೊಂಡ. ಅಡುಗೆ, ಬಡಿಸುವುದು, ಅಂಗಿ ಒಗೆಯುವುದು, ಯಾವುದೂ ನಿಲ್ಲಲಿಲ್ಲ. ಕಾರು ಹತ್ತುವುದು ಮಾತ್ರ ನಿಂತಿತು. ಪೇಟೆಗೆ ನಡೆದು ಹೋದಳು, ವಾಮದಪದವಿನ ತಂಗಿಯ ಮನೆಗೂ ನಡೆದೇ ಹೋದಳು. ಅವನು ಕಾರು ನಿಲ್ಲಿಸಿ ಬಾಗಿಲು ತೆಗೆದರೆ, "ನೀವು ಹೋಗಿ, ನಿಮಗೆ ಬಾಡಿಗೆ ಉಂಟಲ್ಲ," ಎನ್ನುತ್ತಿದ್ದಳು.

ಬಾಡಿಗೆ ಎಲ್ಲಿತ್ತು! ಆಕ್ಸಿಲ್ ಹಾಕಿಸಿದ ಮೇಲೆ ಗೇರ್‌ಬಾಕ್ಸು, ಅದಾದ ಮೇಲೆ ರೇಡಿಯೇಟರು. ಒಂದೊಂದು ರಿಪೇರಿಯನ್ನೂ ಬೇರೆಬೇರೆಯಾಗಿ ನೋಡಿದರೆ ಮಾಡಿಸಿದ್ದೇ ಸರಿ. ಒಟ್ಟು ನೋಡಿದರೆ ಹೊಸ ಕಾರಿನ ಮುಕ್ಕಾಲು ಕ್ರಯ ಅದಕ್ಕೇ ಹೋಗಿತ್ತು. ಅರುವತ್ತೈದರಲ್ಲಿ ಕಾರು ಕೊಟ್ಟಿಗೆಯಿಂದ ಹೊರಡಲಿಲ್ಲ. ಗುಜರಿಯವನು ಬಂದು ತೂಗಿ ಕೊಂಡುಹೋದ. ಲೋಕಯ್ಯ ಬಸ್‌ಸ್ಟ್ಯಾಂಡಿನಲ್ಲಿ ಸಾಮಾನು ಹೇರಿಸುವ ಕೆಲಸಕ್ಕೆ ನಿಂತ.

ಆಗ ಸಮದ್ ಮತ್ತೆ ಬಂದ. ಎಲ್ಲ ಸಂಗತಿ ಅವನಿಗೆ ಹೇಗೋ ತಿಳಿದಿತ್ತು, ಜಗಲಿ ಹತ್ತಲೂ ಅಂಜುತ್ತಿದ್ದ.

"ಲೋಕಣ್ಣ, ಅವತ್ತು ನನ್ನ ನಾಲಗೆ ಸುಟ್ಟುಹೋಗಬೇಕಿತ್ತು. ಈಗ ಎರಡನೆಯ ಕಾರು ತೆಗೆದಿದ್ದೇನೆ. ಬೆಳ್ತಂಗಡಿ ಲೈನಿಗೆ ನೀವೇ ಬಿಡಿ, ಬಂದದ್ದರಲ್ಲಿ ಅರ್ಧಕ್ಕರ್ಧ. ಎರಡು ವರ್ಷ ಕಳೆದರೆ ಕಾರು ನಿಮ್ಮ ಹೆಸರಿಗೇ ಮಾಡ್ತೇನೆ. ಇಲ್ಲ ಅನ್ಬೇಡಿ ಮಾರಾಯ್ರೆ."

ಲೋಕಯ್ಯ ರಸ್ತೆಯ ಕಡೆ ನೋಡಿದ. ಅಮ್ಮಣ್ಣಿ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಪೇಟೆಯಿಂದ ಬಿಸಿಲಲ್ಲಿ ನಡೆದು ಬರುತ್ತಿದ್ದಳು.

"ನಿಮ್ಮ ನಾಲಗೆ ಯಾಕೆ ಸುಡ್ಬೇಕು ಬ್ಯಾರಿಗಳೇ? ನೀವು ಸತ್ಯ ಹೇಳಿದವರು. ನನಗೆ ಕಾರು ಬೇಡ. ಅವಳು ಅಲ್ಲಿ ನಡೆದುಕೊಂಡು ಬರುವಾಗ ನಾನು ನಿಮ್ಮ ಹೊಸ ಕಾರಿನಲ್ಲಿ ಹಾರ್ನ್ ಹೊಡೆದು ದಾಟಿ ಹೋಗ್ಲಿಕ್ಕಾಗ್ತದಾ? ನನ್ನಿಂದಾಗ್ಲಿಕ್ಕಿಲ್ಲ. ಬೇರೆ ಡ್ರೈವರನ್ನು ನೋಡಿ."