ಪ್ಲೇಟಿನ ಮೇಲಿನ ಧೂಳು

ಮಲೆಬೆನ್ನೂರಿನ ಒಂದು ಮದುವೆಗೆ ಡಿಜೆ ಹಾಕಲು ಹೋಗಿದ್ದೆ. ಹಿಂದೆ ಆ ಊರಿನ ಮದುವೆಗಳಿಗೆಲ್ಲ ಮೈಕ್‌ಸೆಟ್ ತಂದು ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತರು. ನನ್ನ ಯಂತ್ರದ ಮೇಲೆ ತಿರುಗುತ್ತಿದ್ದ ಚಕ್ರ ನೋಡಿ, "ಈಗಲೂ ಪ್ಲೇಟೇ ಐತೇನ್ರಿ?" ಎಂದರು.

"ಇದು ಬರೀ ಚಕ್ರ ಯಜಮಾನ್ರೆ, ಹಾಡೆಲ್ಲ ಲ್ಯಾಪ್‌ಟಾಪ್‌ನಾಗೆ ಅದಾವೆ," ಎಂದೆ. ಅವರು ನಂಬಲಿಲ್ಲ. ನಾನು ವೈರು ನೋಡಲು ಬಗ್ಗಿದ್ದೇ ತಡ, ಹೆಗಲ ಮೇಲಿನ ಟವೆಲ್ ತೆಗೆದು ಆ ಚಕ್ರವನ್ನು ಒರೆಸಿಯೇಬಿಟ್ಟರು. ಹಾಡು ಗರಗರ ಎಂದು ಹಿಂದಕ್ಕೂ ಮುಂದಕ್ಕೂ ಓಡಾಡಿತು. ನಾನು ದಡಬಡಿಸಿ ಎದ್ದೆ. ಕುಣಿಯುತ್ತಿದ್ದವರು ಮಾತ್ರ ಶಿಳ್ಳೆ ಹೊಡೆದು, ಇನ್ನೊಮ್ಮೆ ಮಾಡ್ರಿ ಎಂದು ಕೂಗಿದರು.

ಚಕ್ರ ಉಜ್ಜಿ ಹಾಡನ್ನು ಹಿಂದೆಮುಂದೆ ಓಡಿಸುವ ಇದೇ ಕೈಚಳಕವನ್ನು ನಾನು ಎರಡು ವರ್ಷ ಕಲಿತಿದ್ದೇನೆ. ಇವತ್ತಿನವರೆಗೆ ಒಂದು ಶಿಳ್ಳೆಯೂ ಬಿದ್ದಿಲ್ಲ.

ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಧೂಳು ಕುಂತಿತ್ತು ನೋಡ್ರಿ. ಹಾಡಿಗೊಮ್ಮೆ ಒರೆಸ್ಬೇಕು."